ಕಂಡದ್ದು, ಹಿಡಿದದ್ದು: ಕೊಲಂಬಸ್ ಮತ್ತು ತಾಯಿನೊ ಜನರ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತೆಂದರೆ ಕೊಲಂಬಸ್‌ನ ಜಗಳ ಶುರುವಾಗುತ್ತದೆ. ಕೆಲವರಿಗೆ ಅವನು ಸಾಹಸಿ, ಕೆಲವರಿಗೆ ರಾಕ್ಷಸ. ಈ ಗದ್ದಲದಲ್ಲಿ, ಅವನ ಹಡಗು ಬರುವುದನ್ನು ದಡದಲ್ಲಿ ನಿಂತು ನೋಡಿದ ತಾಯಿನೊ ಜನರ ಕಥೆ ಮಾತ್ರ ಹಿಂದೆ ಬಿದ್ದುಬಿಡುತ್ತದೆ. ಕೆಳಗಿರುವವು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಉತ್ತರಗಳು ಬಹುಪಾಲು ಕೆರಿಬಿಯನ್ ಸಮುದ್ರದ ಒಂದೇ ದ್ವೀಪದ ಸುತ್ತ ತಿರುಗುತ್ತವೆ: ಹಿಸ್ಪಾನಿಯೋಲಾ, ಅಂದರೆ ಇಂದಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ. ಅಮೆರಿಕ ಖಂಡಗಳಲ್ಲಿ ಸ್ಪೇನಿನ ವಸಾಹತು ಬೇರೂರಿದ್ದು ಅಲ್ಲಿಯೇ.

“1492ರಲ್ಲಿ ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದನು” ಎಂದು ನಾವು ಓದಿದ್ದು ತಪ್ಪೇ?

ಅಲ್ಲಿ ಆಗಲೇ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು, ಹಾಗಾಗಿ ‘ಮೊದಲು ಕಂಡವನು’ ಎಂಬ ಅರ್ಥದಲ್ಲಿ ತಪ್ಪು. ಯುರೋಪಿನವರಲ್ಲಿ ಕೂಡ ಅವನು ಮೊದಲಿಗನಲ್ಲ. ಅವನಿಗಿಂತ ಸುಮಾರು 500 ವರ್ಷ ಮೊದಲೇ ನಾರ್ಸ್ ನಾವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮನೆ ಕಟ್ಟಿ ಕೆಲಕಾಲ ಇದ್ದು ಹೋಗಿದ್ದರು.

ಆದರೆ ನಮ್ಮ ಕನ್ನಡದ ಪದವನ್ನು ಒಡೆದು ನೋಡಿ: ಕಂಡು, ಹಿಡಿದನು. ಇದಕ್ಕಿಂತ ಸರಿಯಾದ ವರದಿ ಬೇರೆ ಯಾವ ಭಾಷೆಯಲ್ಲೂ ಸಿಗಲಿಕ್ಕಿಲ್ಲ. 1492ರ ಅಕ್ಟೋಬರ್ 12ರಂದು ಬಹಾಮಾಸ್‌ನ ಗ್ವಾನಹಾನಿ ಎಂಬ ದ್ವೀಪಕ್ಕೆ ಇಳಿದ. ಸ್ಪೇನಿನ ಬಾವುಟ ನೆಟ್ಟು, ದ್ವೀಪಕ್ಕೆ ಸಾನ್ ಸಾಲ್ವಡೋರ್ ಎಂದು ಹೆಸರಿಟ್ಟ. ಅಲ್ಲಿನ ಜನ ಒಳ್ಳೆಯ ಸೇವಕರಾಗಬಲ್ಲರು ಎಂದು ಅವನ ದಿನಚರಿಯಲ್ಲಿ ದಾಖಲಾದದ್ದು ಇಳಿದ ದಿನವೇ. ಎರಡು ದಿನ ಕಳೆಯುವಷ್ಟರಲ್ಲಿ ಏಳು ಜನರನ್ನು ಹಿಡಿದು ಹಡಗಿಗೆ ಹಾಕಿಕೊಂಡಿದ್ದ, ಐವತ್ತು ಆಳುಗಳಿದ್ದರೆ ಇವರೆಲ್ಲರನ್ನೂ ಅಡಿಯಾಳಾಗಿಸಿ ಬೇಕಾದ್ದು ಮಾಡಿಸಬಹುದು ಎಂಬ ಲೆಕ್ಕವನ್ನೂ ಹಾಕಿದ್ದ.

ದಡ ಮೊದಲು ಕಂಡದ್ದು ಕೂಡ ಅವನಲ್ಲ, ರೊಡ್ರಿಗೊ ದೆ ಟ್ರಿಯಾನಾ ಎಂಬ ನಾವಿಕ. ಮೊದಲು ನೆಲ ಕಂಡವನಿಗೆ ವರ್ಷಕ್ಕೆ 10,000 ಮರವೇದಿ (ಆಗಿನ ಸ್ಪೇನಿನ ನಾಣ್ಯ) ಎಂದು ರಾಜಮನೆತನ ಘೋಷಿಸಿತ್ತು. ಹಿಂದಿನ ರಾತ್ರಿ ದೂರದಲ್ಲಿ ದೀಪದ ಮಿಣುಕು ಕಂಡಿದ್ದೆ ಎಂದು ಹೇಳಿ ಆ ಹಣವನ್ನೂ ಕೊಲಂಬಸ್ ತಾನೇ ಇಟ್ಟುಕೊಂಡ.

ಭೂಮಿ ಗುಂಡಗಿದೆ ಎಂದು ತೋರಿಸಲು ಹೊರಟ ಎನ್ನುತ್ತಾರಲ್ಲ?

ಅದು ಆಮೇಲೆ ಕಟ್ಟಿದ ಕಥೆ. ಭೂಮಿ ಗುಂಡಗಿದೆ ಎಂಬುದು ಓದು ಬಲ್ಲ ಯುರೋಪಿನವರಿಗೆಲ್ಲ ಗೊತ್ತಿತ್ತು. ಜಗಳವಿದ್ದದ್ದು ಸುತ್ತಳತೆಯ ಬಗ್ಗೆ. ಪೋರ್ಚುಗಲ್‌ನ ಪಂಡಿತರು ಅವನ ಯೋಜನೆಯನ್ನು ತಿರಸ್ಕರಿಸಿದ್ದು ಅವರು ದಡ್ಡರೆಂದಲ್ಲ, ಅವನ ಲೆಕ್ಕ ತಪ್ಪಿತ್ತೆಂದು. ಕೆನರಿ ದ್ವೀಪಗಳಿಂದ ಜಪಾನಿಗೆ ಪಶ್ಚಿಮದ ದಾರಿಯಲ್ಲಿ ಸುಮಾರು 4,400 ಕಿ.ಮೀ. ಎಂದು ಅವನು ಎಣಿಸಿದ್ದ. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ನಡುವೆ ಒಂದು ಖಂಡ ಅಡ್ಡ ಸಿಗದಿದ್ದರೆ ಮೂರು ಹಡಗಿನ ಸುಮಾರು 90 ಜನ ನೀರು, ಅನ್ನವಿಲ್ಲದೆ ಸಾಯುತ್ತಿದ್ದರು.

ಅವನ ಬಳಿ ಚೀನಾದ ಮಹಾಖಾನನಿಗೆ ಬರೆದ ಪತ್ರವೂ ಇತ್ತು. ಚೀನಾದಲ್ಲಿ ಮಂಗೋಲರ ಆಳ್ವಿಕೆ 1368ರಲ್ಲೇ ಮುಗಿದುಹೋಗಿತ್ತು ಎನ್ನುವುದು ಬೇರೆ ಮಾತು. ಕ್ಯೂಬಾದ ಒಳನಾಡಿಗೆ ಖಾನನನ್ನು ಹುಡುಕಲು ಕಳಿಸಿದ ದುಭಾಷಿ ಲೂಯಿಸ್ ದೆ ಟೊರೆಸ್‌ಗೆ ಬರುತ್ತಿದ್ದದ್ದು ಹೀಬ್ರೂ, ಅರಾಮಿಕ್, ಒಂದಿಷ್ಟು ಅರಬ್ಬಿ. ಖಾನ ಸಿಗಲಿಲ್ಲ, ಎಲೆ ಸುತ್ತಿ ಹೊಗೆ ಸೇದುವ ಜನ ಸಿಕ್ಕರು. 1494ರಲ್ಲಿ ಕ್ಯೂಬಾ ದ್ವೀಪವಲ್ಲ, ಏಷ್ಯಾದ ನೆಲವೇ ಎಂದು ತನ್ನ ನಾವಿಕರಿಂದ ಪ್ರಮಾಣ ಮಾಡಿಸಿದ. ಮಾತು ತಪ್ಪಿದವರಿಗೆ ದಂಡದ ಜೊತೆ ನಾಲಿಗೆ ಕತ್ತರಿಸುವ ಶಿಕ್ಷೆ! ಆ ಹಟದ ಫಲವಾಗಿಯೇ ನಮ್ಮ ಹೆಸರು ಅಲ್ಲಿನ ಜನರ ತಲೆಗೆ ಕಟ್ಟಿತು, ‘ಇಂಡಿಯನ್ನರು’ ಎಂದು.

ತಾಯಿನೊಗಳು ಯಾರು?

ಹಿಸ್ಪಾನಿಯೋಲಾ, ಪೋರ್ಟೊರಿಕೊ, ಕ್ಯೂಬಾ, ಜಮೈಕಾ, ಬಹಾಮಾಸ್‌ಗಳಲ್ಲಿ ಹರಡಿಕೊಂಡಿದ್ದ, ಅರವಾಕ್ ಕುಟುಂಬದ ಭಾಷೆಯಾಡುತ್ತಿದ್ದ ಜನ. ಪೂರ್ವಜರು ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಬಂದವರು. ಎಲ್ಲರಿಗೂ ಸೇರಿಸಿ ‘ತಾಯಿನೊ’ ಎನ್ನುವ ರೂಢಿ ವಿದ್ವಾಂಸರದ್ದು, 19ನೇ ಶತಮಾನದ್ದು. ಅವರ ಮಾತಿನಲ್ಲಿ ಆ ಪದಕ್ಕೆ ‘ಒಳ್ಳೆಯವರು’, ‘ಕುಲೀನರು’ ಎಂಬ ಅರ್ಥವಿತ್ತು.

ಕಾಡಿನಲ್ಲಿ ಗೆಡ್ಡೆ ಕಿತ್ತು ತಿನ್ನುತ್ತಿದ್ದ ಗುಂಪುಗಳೆಂದು ಭಾವಿಸಬೇಡಿ. ಮಣ್ಣನ್ನು ದಿಬ್ಬವಾಗಿ ಏರಿಸಿ ಮರಗೆಣಸು, ಸಿಹಿಗೆಣಸು ಬೆಳೆಯುತ್ತಿದ್ದ ‘ಕೊನೂಕೊ’ ಹೊಲಗಳು, ಹತ್ತಿ, ಚೆಂಡಾಟದ ಅಂಗಳಗಳು, ಹತ್ತಾರು ಜನ ಕೂರುವ ದೋಣಿಗಳು, ‘ಸೆಮಿ’ ಎಂದು ಕರೆಯುವ ದೈವಗಳ ಶಿಲ್ಪಗಳು, ರಾತ್ರಿಯಿಡೀ ಹಾಡಿ ಕುಣಿಯುವ ‘ಅರೇಯ್ತೊ’. ಹಿಸ್ಪಾನಿಯೋಲಾ ಐದು ದೊಡ್ಡ ಪಾಳೆಯಗಳಾಗಿತ್ತು. ಪಾಳೆಯಗಾರನಿಗೆ ‘ಕಸೀಕೆ’ ಎಂದು ಹೆಸರು. ಹೆಂಗಸರೂ ಕಸೀಕೆಗಳಾಗುತ್ತಿದ್ದರು. ಇಷ್ಟೂ ನಮಗೆ ತಿಳಿದಿರುವುದಕ್ಕೆ ರಮೋನ್ ಪಾನೆ ಎಂಬ ಬಡ ಸನ್ಯಾಸಿಗೂ ಒಂದು ನಮಸ್ಕಾರ ಸಲ್ಲಬೇಕು. ಅವರ ನಡುವೆ ಇದ್ದು, ಭಾಷೆ ಕಲಿತು, ಅವರ ನಂಬಿಕೆಗಳನ್ನು 1498ರ ಸುಮಾರಿಗೆ ಬರೆದಿಟ್ಟವನು ಆತ.

ಮೊದಲ ಭೇಟಿ ಸ್ನೇಹದ್ದೇ ಆಗಿತ್ತಂತೆ. ಕೆಟ್ಟದ್ದು ಎಲ್ಲಿ?

ಸ್ನೇಹದ್ದೇ. 1492ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಾಂಟಾ ಮರಿಯಾ ಹಡಗು ಹಿಸ್ಪಾನಿಯೋಲಾದ ಉತ್ತರ ತೀರದಲ್ಲಿ ಬಂಡೆ ತಾಗಿ ಸಿಕ್ಕಿಬಿದ್ದಾಗ ಗ್ವಾಕಾನಗಾರಿ ಎಂಬ ಕಸೀಕೆ ತನ್ನ ಜನರನ್ನೂ ದೋಣಿಗಳನ್ನೂ ಕಳಿಸಿ ಸಾಮಾನು ಇಳಿಸಿಕೊಟ್ಟ. ಒಂದು ಸೂಜಿಯೂ ಕಳುವಾಗಲಿಲ್ಲ ಎಂದು ಕೊಲಂಬಸ್‌ನೇ ಮೆಚ್ಚಿಕೊಂಡಿದ್ದಾನೆ. ಮುರಿದ ಹಡಗಿನ ಮರದಿಂದ ಅಲ್ಲಿ ಒಂದು ಕೋಟೆ ಕಟ್ಟಿ, 39 ಜನರನ್ನು ಬಿಟ್ಟು ಅವನು ಸ್ಪೇನಿಗೆ ಮರಳಿದ. 1493ರ ನವೆಂಬರ್‌ನಲ್ಲಿ 17 ಹಡಗು, ಸಾವಿರಕ್ಕೂ ಹೆಚ್ಚು ಜನರೊಂದಿಗೆ ಬಂದು ನೋಡಿದರೆ ಕೋಟೆ ಸುಟ್ಟಿತ್ತು, ಒಬ್ಬನೂ ಉಳಿದಿರಲಿಲ್ಲ. ಚಿನ್ನಕ್ಕೂ ಹೆಣ್ಣುಗಳಿಗೂ ಊರೂರಿಗೆ ನುಗ್ಗಿದವರನ್ನು ಒಳನಾಡಿನ ಕಸೀಕೆ ಕಾವೊನಾಬೊನ ಕಡೆಯವರು ಮುಗಿಸಿದ್ದರು.

ಎರಡನೇ ಸಲ ಬಂದವರು ನೋಡಿ ಹೋಗಲು ಬಂದವರಲ್ಲ, ನೆಲೆಸಲು ಬಂದವರು. ಕುದುರೆ, ಹಂದಿ, ದನ, ಗೋಧಿ, ಕಬ್ಬು ಎಲ್ಲ ಹಡಗಿನಲ್ಲಿತ್ತು. ಅಷ್ಟು ಖರ್ಚಿಗೆ ಲಾಭ ತೋರಿಸಬೇಕಲ್ಲ? ಚಿನ್ನ ಎಣಿಸಿದಷ್ಟು ಸಿಗಲಿಲ್ಲ. 1495ರಲ್ಲಿ ಸುಮಾರು 1,600 ತಾಯಿನೊಗಳನ್ನು ಹಿಡಿದು ತಂದು, ಅದರಲ್ಲಿ 550 ಜನರನ್ನು ಆರಿಸಿ ಗುಲಾಮರನ್ನಾಗಿ ಸ್ಪೇನಿಗೆ ಸಾಗಿಸಿದರು. ದಾರಿಯಲ್ಲಿ ಸತ್ತವರು ಸುಮಾರು 200. ಹೆಣಗಳನ್ನು ಸಮುದ್ರಕ್ಕೆ ಎಸೆದೆವೆಂದು ಅದೇ ಹಡಗುಗಳಲ್ಲಿದ್ದ ಇಟಲಿಯ ಮಿಕೆಲೆ ದ ಕೂನೆಯೊ ಬರೆದಿದ್ದಾನೆ, ಏನೂ ಆಗದವನಂತೆ.

ಗೆಜ್ಜೆಯ ಲೆಕ್ಕ ಎಂದರೇನು?

ನನ್ನ ಮಟ್ಟಿಗೆ ಇಡೀ ಕಥೆ ಈ ಗೆಜ್ಜೆಯಲ್ಲಿದೆ. ಬೇಟೆಯ ಗಿಡುಗಗಳ ಕಾಲಿಗೆ ಕಟ್ಟುವ ಪುಟ್ಟ ಹಿತ್ತಾಳೆ ಗೆಜ್ಜೆಗಳನ್ನು ಸ್ಪೇನಿನವರು ಕೊಡುಗೆಗೆಂದು ತಂದಿದ್ದರು. ತಾಯಿನೊಗಳಿಗೆ ಅದರ ಸದ್ದು ಬಹಳ ಹಿಡಿಸಿತು. ಒಂದು ಗೆಜ್ಜೆಗೆ ಚಿನ್ನದ ತುಂಡು ಕೊಟ್ಟು ಹೋಗುತ್ತಿದ್ದರು. ಹಿತ್ತಾಳೆಯನ್ನು ಅವರು ‘ತುರೇಯ್’, ಆಕಾಶದ್ದು ಎನ್ನುತ್ತಿದ್ದರು.

ಮೂರು ವರ್ಷದಲ್ಲಿ ಅದೇ ಗೆಜ್ಜೆ ಕಂದಾಯದ ಅಳತೆಯಾಯಿತು. ಚಿನ್ನದ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಒಪ್ಪಿಸಬೇಕು. ಉಳಿದ ಕಡೆಯವರು 25 ಪೌಂಡ್ ಹತ್ತಿ. ಕೊಟ್ಟವರ ಕೊರಳಿಗೆ ಒಂದು ಬಿಲ್ಲೆ. ಬಿಲ್ಲೆ ಇಲ್ಲದವರಿಗೆ ಶಿಕ್ಷೆ. ದ್ವೀಪದ ಹಳ್ಳಗಳ ಮರಳಿನಲ್ಲಿ ಅಷ್ಟು ಚಿನ್ನವೇ ಇರಲಿಲ್ಲ.

ಗ್ವಾರಿಯೊನೆಕ್ಸ್ ಎಂಬ ಕಸೀಕೆ ಒಂದು ಮಾತು ಮುಂದಿಟ್ಟನಂತೆ: ನಮಗೆ ಚಿನ್ನ ತೆಗೆಯಲು ಬರುವುದಿಲ್ಲ, ಬದಲಿಗೆ ಈ ಕಡಲಿಂದ ಆ ಕಡಲಿನವರೆಗೆ ಹೊಲ ಮಾಡಿಕೊಡುತ್ತೇವೆ, ಕ್ಯಾಸ್ಟೀಲ್ ರಾಜ್ಯಕ್ಕೆಲ್ಲ ಸಾಕಾಗುವಷ್ಟು ಬೆಳೆದು ಕೊಡುತ್ತೇವೆ. ಹೀಗೆಂದು ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ದಾಖಲಿಸಿದ್ದಾನೆ. ಸ್ಪೇನಿನವರು ಒಪ್ಪಲಿಲ್ಲ. ರಾಜನಿಗೆ ತೋರಿಸಬೇಕಾದದ್ದು ಗೆಣಸಲ್ಲ. ಜನ ಹೊಲ ಬಿಟ್ಟು ಹಳ್ಳ ಜರಡಿ ಹಿಡಿದರು, ಇಲ್ಲವೇ ಬೆಟ್ಟಕ್ಕೆ ಓಡಿದರು. ಬೆನ್ನಿಗೇ ಬರ ಬಂತು.

ಎನ್‌ಕೊಮಿಯೆಂಡಾ ಎಂದರೆ ಗುಲಾಮಗಿರಿಯೇ?

ಕಾಗದದ ಮೇಲೆ ಅಲ್ಲ. ಆ ಪದದ ಅರ್ಥ ‘ಒಪ್ಪಿಸುವುದು’. ಒಬ್ಬ ಸ್ಪೇನಿಗನಿಗೆ ಇಷ್ಟು ತಲೆ ತಾಯಿನೊಗಳನ್ನು ‘ಒಪ್ಪಿಸಿ’, ಅವನು ಅವರಿಗೆ ಕ್ರೈಸ್ತ ಧರ್ಮ ಕಲಿಸಬೇಕು, ಅವರು ಅವನಿಗೆ ದುಡಿಯಬೇಕು. 1503ರ ಡಿಸೆಂಬರ್‌ನಲ್ಲಿ ರಾಣಿ ಇಸಬೆಲ್ಲಾ ಹೊರಡಿಸಿದ ಆದೇಶದಲ್ಲಿ ಇವರು ಸ್ವತಂತ್ರರು, ಕೂಲಿ ಕೊಡಬೇಕು ಎಂದೇ ಇದೆ. ಬರದಿದ್ದರೆ ಬಲವಂತದಿಂದ ಕರೆತರಬಹುದು ಎಂದೂ ಇದೆ. ನಮ್ಮ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿ ಎಂದರೆ ಏನೆಂದು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಊರ ಗೌಡನ ಮನೆಯ ಬಿಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸ: ಗಂಡಸರನ್ನು ಊರಿನಿಂದ ಎಷ್ಟೋ ದೂರದ ಗಣಿಗೆ ಒಯ್ದು ಆರು, ಎಂಟು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಹೆಂಗಸರು ಮಣ್ಣಿನ ದಿಬ್ಬ ಏರಿಸುತ್ತ ಹೊಲದಲ್ಲಿ. ಗಂಡ ಹೆಂಡತಿ ಒಟ್ಟಿಗಿರುವುದೇ ಅಪರೂಪವಾದ ಮೇಲೆ ಮಕ್ಕಳು ಎಲ್ಲಿಂದ ಹುಟ್ಟಬೇಕು? ಹುಟ್ಟಿದ ಕೂಸುಗಳಿಗೂ ಹಸಿದ ತಾಯಿಯಲ್ಲಿ ಹಾಲಿರಲಿಲ್ಲ.

ಅವರು ಸತ್ತದ್ದು ಸಿಡುಬಿನಿಂದ ಅಲ್ಲವೇ? ಅದಕ್ಕೆ ಯಾರನ್ನು ದೂರುವುದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಸುಲಭದ ತಪ್ಪಿಸಿಕೊಳ್ಳುವ ದಾರಿಯೂ ಹೌದು. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ.

ಹಿಸ್ಪಾನಿಯೋಲಾಕ್ಕೆ ಸಿಡುಬು ಬಂದ ಮೊದಲ ಖಚಿತ ದಾಖಲೆ 1518ರ ಡಿಸೆಂಬರ್‌ನದು. ಆದರೆ 1508ರ ಎಣಿಕೆಯಲ್ಲಿ ದ್ವೀಪದಲ್ಲಿ ಉಳಿದಿದ್ದ ತಾಯಿನೊಗಳು ಸುಮಾರು 60,000. 1514ರಲ್ಲಿ ಅವರನ್ನು ಮತ್ತೆ ಹಂಚಿಕೊಳ್ಳಲು ಮಾಡಿದ ಪಟ್ಟಿಯಲ್ಲಿ ಸುಮಾರು 26,000. ಅಂದರೆ ಆರು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋದದ್ದು ಸಿಡುಬು ದಡ ಸೇರುವ ಮೊದಲೇ. 1493ರಿಂದ ಬೇರೆ ಜ್ವರಗಳು ಬಂದಿದ್ದವು, ಅವೂ ಕೊಂದವು, ನಿಜ. ಆದರೆ ಜ್ವರ ಬಂದ ಮನೆಯಲ್ಲಿ ಗಂಜಿ ಕಾಯಿಸಿ ಕೊಡುವವರಿದ್ದರೆ ಎಷ್ಟೋ ಜನ ಎದ್ದು ಕೂರುತ್ತಾರೆ. ಇಲ್ಲಿ ಕಾಯಿಸುವವರು ಗಣಿಯಲ್ಲಿದ್ದರು, ಗಂಜಿಗೆ ಬೇಕಾದದ್ದು ಹೊಲದಲ್ಲಿ ಕೊಳೆತಿತ್ತು.

ಸಿಡುಬನ್ನು ನಾವು ಬಲ್ಲೆವು. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ ಶತಮಾನಗಟ್ಟಲೆ ಅದರೊಂದಿಗೆ ಬದುಕಿದವರು ನಾವು. ಭಾರತದಿಂದ ಅದು ಹೋದದ್ದು 1975ರಲ್ಲಿ. ತಾಯಿನೊಗಳ ಮೈಗೆ ಅದರ ಪರಿಚಯವೇ ಇರಲಿಲ್ಲ. ಬಂದ ಒಂದೆರಡು ತಿಂಗಳಲ್ಲೇ ಉಳಿದವರಲ್ಲಿ ಮೂರನೇ ಒಂದು ಪಾಲು ಸತ್ತರೆಂದು ಅಲ್ಲಿದ್ದ ಪಾದ್ರಿಗಳು ರಾಜನಿಗೆ ಬರೆದರು. ಆ ಸಿಡುಬು 1520ರಲ್ಲಿ ಮೆಕ್ಸಿಕೊ ತಲುಪಿ ಆಸ್ಟೆಕ್ ರಾಜಧಾನಿಯನ್ನು ಒಳಗಿನಿಂದಲೇ ಮುರಿಯಿತು. ರೋಗವನ್ನು ದೂರಬೇಕೆಂದರೆ ದೂರಿ, ಆದರೆ ಸರದಿಯಲ್ಲಿ ಅದು ಮೊದಲನೆಯದಲ್ಲ.

ಒಟ್ಟು ಎಷ್ಟು ಜನ ಇದ್ದರು?

ಇದಕ್ಕೆ ಒಂದೇ ಅಂಕಿ ಹೇಳುವವರನ್ನು ನಂಬಬೇಡಿ. ಲಾಸ್ ಕಾಸಾಸ್ ಹಿಸ್ಪಾನಿಯೋಲಾಕ್ಕೆ 30 ಲಕ್ಷಕ್ಕೂ ಹೆಚ್ಚು ಎಂದ. 1971ರಲ್ಲಿ ಇಬ್ಬರು ಸಂಶೋಧಕರು 80 ಲಕ್ಷದ ಹತ್ತಿರಕ್ಕೆ ಒಯ್ದರು. ಹಲವು ಇತಿಹಾಸಕಾರರು ಒಂದು ಲಕ್ಷದಿಂದ ಕೆಲವು ಲಕ್ಷದ ನಡುವೆ ನಿಲ್ಲುತ್ತಾರೆ. 2020ರ ಕೊನೆಯಲ್ಲಿ ಬಂದ ಪುರಾತನ ಡಿಎನ್‌ಎ ಅಧ್ಯಯನವೊಂದು ಹಿಸ್ಪಾನಿಯೋಲಾ, ಪೋರ್ಟೊರಿಕೊ ಎರಡೂ ಸೇರಿ ಕೆಲವು ಹತ್ತು ಸಾವಿರವಷ್ಟೇ ಎಂದಿತು. 1508ರಲ್ಲಿ ಒಂದೇ ದ್ವೀಪದಲ್ಲಿ 60,000 ಜನರನ್ನು ಎಣಿಸಿದ್ದು ನಿಜವಾದರೆ ಆ ಅಂದಾಜು ತೀರಾ ಕಡಿಮೆ ಎನಿಸುತ್ತದೆ ನನಗೆ. ಆರಂಭದ ಸಂಖ್ಯೆ ಯಾವುದೇ ಇರಲಿ, ಕೊನೆಯದರಲ್ಲಿ ಜಗಳವಿಲ್ಲ: 16ನೇ ಶತಮಾನದ ನಡುವಿನ ಹೊತ್ತಿಗೆ ಸ್ಪೇನಿನವರು ಎಣಿಸಿದ ತಾಯಿನೊಗಳು ಕೆಲವು ನೂರು.

ಬಹಾಮಾಸ್‌ನ ಕಥೆ ಇನ್ನೂ ಚಿಕ್ಕದು. ಹಿಸ್ಪಾನಿಯೋಲಾದಲ್ಲಿ ಆಳು ಸಾಲದಾದಾಗ ಅಲ್ಲಿನ ಲುಕಾಯನ್ ಜನರನ್ನು ಹಡಗು ಹಡಗಾಗಿ ತಂದರು. ಚೆನ್ನಾಗಿ ಈಜು ಬಲ್ಲ ಅವರನ್ನು ವೆನೆಜುವೆಲಾ ತೀರದಲ್ಲಿ ಮುತ್ತಿಗಾಗಿ ಮುಳುಗಿಸಿದರು. ಕೊಲಂಬಸ್ ಮೊದಲು ಕಾಲಿಟ್ಟ ಆ ದ್ವೀಪಗಳು 30 ವರ್ಷದೊಳಗೆ ಖಾಲಿ.

ಅವರು ತಿರುಗಿ ಬೀಳಲಿಲ್ಲವೇ?

ಬಿದ್ದರು, ಮೊದಲಿನಿಂದ ಕೊನೆಯವರೆಗೂ. ಕಾವೊನಾಬೊನನ್ನು ಯುದ್ಧದಲ್ಲಿ ಹಿಡಿಯಲಾಗದೆ ಸ್ಪೇನಿನ ದಳಪತಿ ಅಲೋನ್ಸೊ ದೆ ಒಹೇದಾ ಮೋಸ ಮಾಡಿದ ಕಥೆ ಪ್ರಸಿದ್ಧ. ಫಳಫಳ ಹೊಳೆಯುವ ಕೈಕೋಳಗಳನ್ನು ತೋರಿಸಿ, ಇವು ನಮ್ಮ ದೊರೆ ತೊಡುವ ಒಡವೆ, ತುರೇಯ್‌ನಿಂದ ಮಾಡಿದ್ದು ಎಂದು ನಂಬಿಸಿ, ಕುದುರೆ ಹತ್ತಿಸಿ, ತೊಡಿಸಿದ. ಸ್ಪೇನಿಗೆ ಒಯ್ಯುವಾಗ ಕಾವೊನಾಬೊ ದಾರಿಯಲ್ಲೇ ಸತ್ತ. ಅವನ ಹೆಂಡತಿ ಅನಕಾವೊನಾ, ಹಾಡು ಕಟ್ಟುವುದರಲ್ಲಿ ಹೆಸರಾದವಳು, ಅಣ್ಣನ ನಂತರ ಹಾರಾಗ್ವಾ ಸೀಮೆಯ ಒಡತಿಯಾದಳು. 1503ರಲ್ಲಿ ಗವರ್ನರ್ ಓವಾಂಡೊನನ್ನು ಹಬ್ಬದ ಊಟ, ಕುಣಿತಗಳೊಂದಿಗೆ ಬರಮಾಡಿಕೊಂಡಳು. ಅವನು ಬಂದಿದ್ದ ಹತ್ತಾರು ಕಸೀಕೆಗಳನ್ನು ಒಂದು ಮನೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟ. ಅವಳನ್ನು ಗಲ್ಲಿಗೇರಿಸಿದರು.

ಹಾರಾಗ್ವಾದ ಸುದ್ದಿಯೊಂದಿಗೆ ಕ್ಯೂಬಾಕ್ಕೆ ದೋಣಿಯಲ್ಲಿ ಪಾರಾದ ಕಸೀಕೆ ಹಾತುವೇ ಅಲ್ಲಿನವರನ್ನು ಸೇರಿಸಿ ಕಾದ. 1512ರಲ್ಲಿ ಸಿಕ್ಕಿಬಿದ್ದು ಕಂಬಕ್ಕೆ ಕಟ್ಟಿ ಸುಡುವ ಮುನ್ನ, ದೀಕ್ಷೆ ಪಡೆದರೆ ಸ್ವರ್ಗಕ್ಕೆ ಹೋಗುವೆ ಎಂದು ಪಾದ್ರಿ ಹೇಳಿದ. ಸ್ಪೇನಿನವರೂ ಅಲ್ಲಿಗೇ ಹೋಗುತ್ತಾರೆಯೇ ಎಂದು ಕೇಳಿದನಂತೆ ಹಾತುವೇ. ಒಳ್ಳೆಯವರು ಹೋಗುತ್ತಾರೆ ಎಂಬ ಉತ್ತರ ಬಂದಾಗ, ಹಾಗಾದರೆ ನನಗೆ ನರಕವೇ ಇರಲಿ ಎಂದ.

ಗೆದ್ದವನೂ ಒಬ್ಬನಿದ್ದಾನೆ. ಕಸೀಕೆ ಎನ್ರಿಕಿಯೊ ಫ್ರಾನ್ಸಿಸ್ಕನ್ ಪಾದ್ರಿಗಳ ಮಠದಲ್ಲಿ ಓದು ಬರಹ ಕಲಿತವನು. ತನ್ನ ಹೆಂಡತಿಯ ಮೇಲೆ ಕೈ ಮಾಡಿದ ಸ್ಪೇನಿಗನ ಮೇಲೆ ಕಾನೂನಿನಂತೆ ದೂರು ಕೊಟ್ಟ, ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದ, ಏನೂ ಆಗಲಿಲ್ಲ. 1519ರಲ್ಲಿ ಬಾವೊರೂಕೊ ಬೆಟ್ಟ ಹತ್ತಿದ. ಓಡಿಬಂದ ಆಫ್ರಿಕನ್ ಗುಲಾಮರೂ ಅಲ್ಲಿ ಸೇರಿಕೊಂಡರು. 14 ವರ್ಷ ಅವನನ್ನು ಕೆಳಗಿಳಿಸಲಾಗದೆ 1533ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಪತ್ರ ಕಳಿಸಿ ಒಪ್ಪಂದ ಮಾಡಿಕೊಂಡ.

ಆ ಕಾಲವೇ ಹಾಗಿತ್ತು. ಇಂದಿನ ಕಣ್ಣಿನಿಂದ ಅಳೆಯುವುದು ಸರಿಯೇ?

ಹಾಗಾದರೆ ಅಂದಿನ ಕಣ್ಣಿನಿಂದಲೇ ಅಳೆಯೋಣ. 1511ರ ಡಿಸೆಂಬರ್‌ನಲ್ಲಿ, ಹಿಸ್ಪಾನಿಯೋಲಾದ ರಾಜಧಾನಿ ಸಾಂಟೊ ಡೊಮಿಂಗೊದ ಇಗರ್ಜಿಯಲ್ಲಿ ಕೊಲಂಬಸ್‌ನ ಮಗನೂ ಸೇರಿದಂತೆ ದ್ವೀಪದ ದೊಡ್ಡವರೆಲ್ಲ ಕೂತಿರುವಾಗ, ಅಂತೋನಿಯೊ ದೆ ಮೊಂಟೆಸಿನೋಸ್ ಎಂಬ ಡೊಮಿನಿಕನ್ ಪಾದ್ರಿ ಎದ್ದುನಿಂತು ಕೇಳಿದ: ಇವರು ಮನುಷ್ಯರಲ್ಲವೇ? ಇವರಿಗೆ ಆತ್ಮವಿಲ್ಲವೇ? ಯಾವ ಹಕ್ಕಿನಿಂದ ಇವರನ್ನು ಹೀಗೆ ದುಡಿಸುತ್ತಿದ್ದೀರಿ? ಕೂತವರು ಕೆರಳಿದರು. ಮುಂದಿನ ವಾರ ಮಾತು ಹಿಂದಕ್ಕೆ ಪಡೆಯಲಿ ಎಂದು ಒತ್ತಾಯಿಸಿದರು. ಮುಂದಿನ ವಾರ ಇನ್ನೂ ಖಾರವಾಗಿ ಹೇಳಿದ.

ಇದರ ಫಲವಾಗಿ 1512ರಲ್ಲಿ ಬುರ್ಗೋಸ್ ಕಾನೂನುಗಳು ಬಂದವು. ಐದು ತಿಂಗಳು ಗಣಿ ಕೆಲಸ, ಆಮೇಲೆ 40 ದಿನ ಬಿಡುವು. ನಾಲ್ಕು ತಿಂಗಳು ತುಂಬಿದ ಬಸುರಿಯರನ್ನು ಗಣಿಗೆ ಕಳಿಸಬಾರದು. ಪ್ರತಿಯೊಬ್ಬರಿಗೂ ಮಲಗಲು ತೂಗುಮಂಚ ಕೊಡಬೇಕು. ಹೊಡೆಯಬಾರದು, ‘ನಾಯಿ’ ಎಂದು ಕರೆಯಬಾರದು. ಏನನ್ನು ನಿಷೇಧಿಸಿದ್ದಾರೆ ಎಂದು ಓದಿದರೆ ಏನು ನಡೆಯುತ್ತಿತ್ತು ಎಂದು ತಿಳಿಯುತ್ತದೆ. ಎನ್‌ಕೊಮಿಯೆಂಡಾವನ್ನು ಮಾತ್ರ ಮುಟ್ಟಲಿಲ್ಲ. ಮರುವರ್ಷ ಬಂದದ್ದು ‘ರೆಕೆರಿಮಿಯೆಂಟೊ’ ಎಂಬ ಪತ್ರ. ದಾಳಿಗೆ ಮೊದಲು ಓದಿ ಹೇಳಬೇಕು: ಪೋಪ್ ಈ ನೆಲವನ್ನು ನಮ್ಮ ರಾಜರಿಗೆ ಕೊಟ್ಟಿದ್ದಾನೆ, ಒಪ್ಪಿಕೊಳ್ಳಿ, ಒಪ್ಪದಿದ್ದರೆ ಆಗುವ ಸಾವುನೋವಿಗೆ ನೀವೇ ಹೊಣೆ. ಓದುತ್ತಿದ್ದದ್ದು ಅವರಿಗೆ ತಿಳಿಯದ ಭಾಷೆಯಲ್ಲಿ, ಕೆಲವೊಮ್ಮೆ ಖಾಲಿ ಗುಡಿಸಲುಗಳಿಗೆ.

ಲಾಸ್ ಕಾಸಾಸ್ ಕೂಡ ಮೊದಲು ತಾಯಿನೊಗಳನ್ನು ದುಡಿಸಿಕೊಂಡು ಬದುಕಿದವನೇ. 1514ರಲ್ಲಿ ಬಿಟ್ಟುಕೊಟ್ಟು ಉಳಿದ ಆಯುಷ್ಯವಿಡೀ ಅವರ ಪರ ವಾದಿಸಿದ. ಅವನ ಮೇಲೂ ಒಂದು ಕಲೆಯಿದೆ: ತಾಯಿನೊಗಳ ಬದಲು ಆಫ್ರಿಕದಿಂದ ಗುಲಾಮರನ್ನು ತರಿಸಬಹುದು ಎಂದು ಒಮ್ಮೆ ಸೂಚಿಸಿದ್ದ. ಆಮೇಲೆ ಅದೂ ಅಷ್ಟೇ ಅನ್ಯಾಯವೆಂದು ಪಶ್ಚಾತ್ತಾಪಪಟ್ಟು ಬರೆದ. ಅಷ್ಟರಲ್ಲಿ ಹಡಗುಗಳು ಹೊರಟಾಗಿತ್ತು.

ಪೋಪ್ ನೆಲ ಹಂಚಿದ್ದು ನಿಜವೇ?

ನಿಜ. 1493ರ ಮೇ ತಿಂಗಳಲ್ಲಿ ಆರನೇ ಅಲೆಕ್ಸಾಂಡರ್ ಹೊಸ ನೆಲಗಳನ್ನು ಸ್ಪೇನಿಗೆ ಬರೆದುಕೊಟ್ಟ. ಮರುವರ್ಷ ಟೊರ್ಡೆಸಿಯಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಸಮುದ್ರದ ಮೇಲೊಂದು ಗೆರೆ ಎಳೆದು ಲೋಕವನ್ನು ಪಾಲು ಮಾಡಿಕೊಂಡವು. ‘ಕಂಡವನದೇ ನೆಲ’ ಎಂಬ ಈ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1823ರಲ್ಲಿ ಎತ್ತಿ ಹಿಡಿಯಿತು: ಮೂಲನಿವಾಸಿಗಳಿಗೆ ಇರುವ ಹಕ್ಕು ವಾಸಕ್ಕಷ್ಟೇ. ವ್ಯಾಟಿಕನ್ ಆ ಸಿದ್ಧಾಂತವನ್ನು ಅಧಿಕೃತವಾಗಿ ಕೈಬಿಟ್ಟದ್ದು 2023ರ ಮಾರ್ಚ್ 30ರಂದು.

ಪೋರ್ಚುಗೀಸರು ನಮ್ಮ ಕರಾವಳಿಗೂ ಬಂದರಲ್ಲ, ಇಲ್ಲೇಕೆ ಹಾಗಾಗಲಿಲ್ಲ?

ಅವರು ಇಲ್ಲಿ ಒಳ್ಳೆಯವರಾಗಿದ್ದರು ಎಂದಲ್ಲ. 1510ರಲ್ಲಿ ಗೋವಾ ಗೆದ್ದಾಗ ಊರಿನ ಮುಸ್ಲಿಮರ ಮಾರಣಹೋಮ ನಡೆಯಿತು. ಅಂದಹಾಗೆ ಆ ದಾಳಿಗೆ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನು ಹೊನ್ನಾವರ ಕಡೆಯ ತಿಮ್ಮೋಜ. 1560ರಿಂದ ಅಲ್ಲಿ ಇನ್‌ಕ್ವಿಸಿಷನ್ (ಚರ್ಚಿನ ಮತದ್ರೋಹ ವಿಚಾರಣೆ) ಬೇರೆ. ಆದರೆ ಇಲ್ಲಿನವರ ಮೈ ಸಿಡುಬು, ದಡಾರಗಳನ್ನು ಆಗಲೇ ಬಲ್ಲದ್ದು. ಎದುರಿಗೆ ವಿಜಯನಗರ, ಬಿಜಾಪುರದಂಥ ಸೈನ್ಯಗಳು, ಲಕ್ಷಗಟ್ಟಲೆ ಜನ. ಉಳ್ಳಾಲದಂಥ ಚಿಕ್ಕ ಸಂಸ್ಥಾನದ ರಾಣಿ ಅಬ್ಬಕ್ಕ ಕೂಡ ಅವರಿಗೆ ಕಪ್ಪ ಕೊಡಲು ಒಪ್ಪದೆ ದಶಕಗಟ್ಟಲೆ ಕಾಡಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದು ಅವಳೊಂದಿಗೆ ಅವರು ವ್ಯಾಪಾರವನ್ನೇ ಮಾಡಬೇಕಾಯಿತು.

ಭಾರತದಲ್ಲಿ ತಾಯಿನೊಗಳ ಪಾಡಿಗೆ ಹತ್ತಿರದ ಕಥೆ ಬೇಕೆಂದರೆ ಅಂಡಮಾನಿಗೆ ಹೋಗಬೇಕು. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ವಸಾಹತು ತೆರೆದಾಗ ಗ್ರೇಟ್ ಅಂಡಮಾನಿಗಳು ಕೆಲವು ಸಾವಿರವಿದ್ದರು. 1877ರ ದಡಾರ, ಸಿಫಿಲಿಸ್ ಎಲ್ಲ ಸೇರಿ 1901ರ ಜನಗಣತಿಗೆ 625, 1961ಕ್ಕೆ 19. ‘ಬೊ’ ಭಾಷೆ ಬಲ್ಲ ಕೊನೆಯ ಅಜ್ಜಿ ತೀರಿಕೊಂಡದ್ದು 2010ರಲ್ಲಿ.

ನಮ್ಮ ಅಡುಗೆಮನೆಗೂ ಇದಕ್ಕೂ ಏನು ಸಂಬಂಧ?

ಒಗ್ಗರಣೆ ಹಾಕುವಾಗಲೆಲ್ಲ ಇರುವ ಸಂಬಂಧ. ಕೊಲಂಬಸ್ ಹುಡುಕಿದ ಸರಕುಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಮೆಣಸೂ ಒಂದು. ಅದು ಸಿಗಲಿಲ್ಲ, ತಾಯಿನೊಗಳು ‘ಅಹೀ’ ಎನ್ನುವ ಖಾರದ ಕಾಯಿ ಸಿಕ್ಕಿತು. ಇದು ಇವರ ಮೆಣಸು, ನಮ್ಮದಕ್ಕಿಂತ ಉತ್ತಮ ಎಂದು ಬರೆದುಕೊಂಡ. ಪೋರ್ಚುಗೀಸರು ಆ ಕಾಯಿಯನ್ನು ನಮ್ಮ ತೀರಕ್ಕೆ ತಂದಾಗ ನಾವೂ ಹಾಗೇ ಮಾಡಿದೆವು: ಮೆಣಸಿನಂಥ ಕಾಯಿ, ಮೆಣಸಿನಕಾಯಿ. ಕರಾವಳಿಯವರು ಹಳೆಯದನ್ನು ‘ಒಳ್ಳೆಮೆಣಸು’ ಎಂದು ಬೇರೆ ಮಾಡಿಟ್ಟರು. ಬ್ಯಾಡಗಿಯ ಕೆಂಪು ರಾಶಿಯ ಹಿಂದೆ ಇರುವುದು ಅಟ್ಲಾಂಟಿಕ್ ದಾಟಿದ ಬೀಜ. ತಿಥಿ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಬಳಸದ ಮನೆಗಳು ಇವತ್ತಿಗೂ ಇವೆ. ಪಿತೃಗಳಿಗೆ ಗೊತ್ತಿಲ್ಲದ್ದನ್ನು ಬಡಿಸುವುದು ಹೇಗೆ ಎಂದಿರಬೇಕು.

ಪರಂಗಿ ಹಣ್ಣಿನ ಹೆಸರಲ್ಲೇ ಫರಂಗಿಯವನಿದ್ದಾನೆ. ಕರಾವಳಿಯ ‘ಬಟಾಟೆ’ ಪೋರ್ಚುಗೀಸರ ಬಾಯಿಂದ ಬಂದ ತಾಯಿನೊ ಮಾತು, ಅವರಲ್ಲಿ ಅದು ಸಿಹಿಗೆಣಸು. ಹೊಗೆಸೊಪ್ಪು, ಶೇಂಗಾ, ಗೋಡಂಬಿ, ಸೀಬೆ, ಗೋವಿನಜೋಳ ಎಲ್ಲವೂ ಆ ಕಡೆಯವೇ. ಇಂಗ್ಲಿಷಿನ ಮೂಲಕ ಬಂದ ಹರಿಕೇನ್, ಬಾರ್ಬೆಕ್ಯೂ, ಹ್ಯಾಮಕ್, ಇಗ್ವಾನಾ ಪದಗಳೂ ಅವರದೇ.

ತಾಯಿನೊಗಳು ಈಗ ಇದ್ದಾರೆಯೇ?

ನಿರ್ನಾಮವಾದರು ಎಂದು ಪುಸ್ತಕಗಳು ಬಹುಕಾಲ ಬರೆದವು. ಅದರಲ್ಲಿ ಒಂದಿಷ್ಟು ಕಾಗದದ ಕೆಲಸವಿದೆ. ಸ್ಪೇನಿಗನನ್ನು ಕಟ್ಟಿಕೊಂಡ ತಾಯಿನೊ ಹೆಣ್ಣಿನ ಮಕ್ಕಳು ಪಟ್ಟಿಯಲ್ಲಿ ಬೇರೆ ಜಾತಿಯಾದರು. ಬೆಟ್ಟಕ್ಕೆ ಓಡಿದವರು ಪಟ್ಟಿಗೇ ಸಿಗಲಿಲ್ಲ. ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಡಿಎನ್‌ಎಯನ್ನು ಪೋರ್ಟೊರಿಕೊದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 60 ಜನರಲ್ಲಿ ಅಮೆರಿಕದ ಮೂಲನಿವಾಸಿಗಳದ್ದು ಕಂಡಿತು. ಬಹಾಮಾಸ್‌ನ ಗುಹೆಯೊಂದರಲ್ಲಿ ಸಿಕ್ಕ ಸಾವಿರ ವರ್ಷ ಹಿಂದಿನ ಹೆಣ್ಣೊಬ್ಬಳ ಹಲ್ಲಿನ ಡಿಎನ್‌ಎಯನ್ನು 2018ರಲ್ಲಿ ಓದಿದಾಗಲೂ ಇಂದಿನ ಪೋರ್ಟೊರಿಕೊದವರೊಂದಿಗೆ ನಂಟು ತೋರಿತು. ತಮ್ಮನ್ನು ತಾಯಿನೊ ಎಂದೇ ಗುರುತಿಸಿಕೊಳ್ಳುವ ಸಂಘಗಳು ಪೋರ್ಟೊರಿಕೊ, ನ್ಯೂಯಾರ್ಕ್, ಪೂರ್ವ ಕ್ಯೂಬಾಗಳಲ್ಲಿವೆ. ರಕ್ತದ ಲೆಕ್ಕ ಒಂದೇ ಸಾಕೇ, ಭಾಷೆ ಹೋದ ಮೇಲೆ ಯಾರು ತಾಯಿನೊ ಎಂಬ ವಾದ ಅವರ ನಡುವೆಯೇ ನಡೆದಿದೆ. ಅದನ್ನು ಹೊರಗಿನಿಂದ ತೀರ್ಮಾನಿಸುವುದು ನಮ್ಮ ಕೆಲಸವಲ್ಲ.

ರೊಟ್ಟಿಯಂತೂ ಇದೆ. ನಾವು ಉಪವಾಸದ ದಿನ ಸಬ್ಬಕ್ಕಿಯಾಗಿ ತಿನ್ನುವ ಅದೇ ಮರಗೆಣಸನ್ನು ಅವರು ತುರಿದು, ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ, ಜೋತು ಬಿಟ್ಟು ಹಿಂಡುತ್ತಾರೆ. ಕಹಿ ಗೆಣಸಿನ ರಸದಲ್ಲಿ ಸಯನೈಡ್ ಇರುತ್ತದೆ, ಹಿಂಡದೆ ತಿಂದರೆ ಪ್ರಾಣಕ್ಕೇ ಅಪಾಯ. ಉಳಿದ ಹಿಟ್ಟನ್ನು ಅಗಲವಾದ ಹೆಂಚಿನ ಮೇಲೆ ಹರಡಿ ಬೇಯಿಸಿದರೆ ತಿಂಗಳುಗಟ್ಟಲೆ ಕೆಡದ ತೆಳ್ಳನೆಯ ರೊಟ್ಟಿ, ‘ಕಸಾಬೆ’. ಡೊಮಿನಿಕನ್ ಗಣರಾಜ್ಯ, ಹೈಟಿ, ಕ್ಯೂಬಾಗಳಲ್ಲಿ ಈಗಲೂ ಮಾಡುತ್ತಾರೆ. 2024ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೂ ಸೇರಿತು. ಹಿಂಡುವ ಚೀಲಕ್ಕೆ ‘ಸಿಬುಕಾನ್’, ಹೆಂಚಿಗೆ ‘ಬುರೆನ್’ ಎನ್ನುತ್ತಾರೆ. ಆ ಎರಡು ಹೆಸರೂ ಸ್ಪ್ಯಾನಿಷ್ ಅಲ್ಲ.